ಆ ಅಕ್ಕನಿಗೆ ನಾವು ಕೊಡದ ಉತ್ತರ



ನಮ್ಮ ಮಂಜೇಶ್ವರದ ಕಡೆಯ ಒಬ್ಬ ಬೀಡಿ ಕಟ್ಟುವ ಅಕ್ಕನ ಪ್ರಾವಿಡೆಂಟ್ ಫಂಡಿನ ಹಣ ಬಹಳ ಕಾಲ ಸಿಕ್ಕಿಬಿದ್ದಿತ್ತು. ರೇಷನ್ ಕಾರ್ಡಿನಲ್ಲಿ ಅವರ ಹೆಸರು ಮಲಯಾಳದಲ್ಲಿ ಒಂದು ಥರ, ಬೀಡಿಯ ಪಾಸು ಪುಸ್ತಕದಲ್ಲಿ ಕನ್ನಡದಲ್ಲಿ ಇನ್ನೊಂದು ಥರ, ಫಂಡಿನ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಮತ್ತೊಂದು ಥರ. ಗಡಿಯಲ್ಲಿ ಹುಟ್ಟಿದ ತಪ್ಪಿಗೆ ಒಬ್ಬ ಹೆಂಗಸು ಕಾಗದದಲ್ಲಿ ಮೂವರಾಗಿದ್ದರು! ಯೂನಿಯನಿನ ಪರವಾಗಿ ನಾವು ಆರು ಸಲ ಅವರ ಜೊತೆ ಆಫೀಸಿಗೆ ಅಲೆದೆವು. ಕೊನೆಗೂ ಹಣ ಬಂತು. ಅಂದು ಬಸ್ ಸ್ಟ್ಯಾಂಡಿನಲ್ಲಿ ಅವರು ತುಳುವಿನಲ್ಲಿ ಕೇಳಿದರು: "ಪೊರ್ಬುಗಳೇ, ನೀವು ಚಾ ಕುಡಿಯಲಿಕ್ಕೆ ಸಹ ಹಣ ತೆಗೆದುಕೊಳ್ಳಲಿಲ್ಲ. ಇಷ್ಟೆಲ್ಲ ಯಾಕೆ ಮಾಡುತ್ತೀರಿ?"

"ಏನಿಲ್ಲ ಅಕ್ಕಾ, ಯೂನಿಯನ್ ಕೆಲಸ ಅಲ್ಲವಾ" ಎಂದೆವು.

ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಬಡವರಿಗೆ ಮಾಡಿದ್ದು ತನಗೇ ಮಾಡಿದ್ದು ಎಂದ ಪ್ರಭು ಯೇಸುವಿನ ಮಾತು ನಮ್ಮನ್ನು ಹೊರಡಿಸಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಸಂತ ಪೇತ್ರನು ಅಂಗಳದಲ್ಲಿ ಬೆಂಕಿ ಕಾಯಿಸುತ್ತಿದ್ದಾಗ ಅವನನ್ನು ಕೇಳಿದವಳೂ ಒಬ್ಬ ಕೆಲಸದ ಹುಡುಗಿಯೇ. ಆಮೇಲೆ ಅವನಿಗೆ ಕೋಳಿ ಕೂಗಿದ್ದು ಕೇಳಿಸಿತು, ಅವನು ಅತ್ತ. ನಮಗೆ ಬಸ್ಸಿನ ಹಾರ್ನ್ ಕೇಳಿಸಿತು, ನಾವು ಹತ್ತಿ ಮನೆಗೆ ಬಂದೆವು.

ಯಾಕೆ ಹೀಗೆ ಹಿಂಜರಿಯುತ್ತೇವೆ? ಕೇಳಿದರೆ ನಮ್ಮ ಹತ್ತಿರ ಮೂರು ಸಿದ್ಧ ಉತ್ತರಗಳಿವೆ.

ಒಂದು, "ಕಾಲ ಸರಿಯಿಲ್ಲ". ಈ ಭಯ ಬರೀ ಕಲ್ಪನೆಯಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿಯನ್ನು ನಾವು ಮರೆತಿಲ್ಲ. 2022ರಲ್ಲಿ ಕರ್ನಾಟಕದಲ್ಲಿ ಮತಾಂತರದ ಮೇಲೆ ಕಾನೂನು ಬಂದಾಗ ಗಡಿಯ ಈಚೆಗೂ ಅಂಜಿಕೆ ದಾಟಿ ಬಂತು. ಆದರೆ ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಕೊಟ್ಟಿದೆ. 1977ರಲ್ಲಿ ಸ್ಟಾನಿಸ್ಲಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿಲ್ಲ, ತನ್ನ ಧರ್ಮದ ತತ್ತ್ವವನ್ನು ವಿವರಿಸಿ ಹೇಳುವ ಹಕ್ಕು ಇದೆ ಎಂದಿತು. ನಮಗೆ ಬೇಕಾದದ್ದೂ ಅಷ್ಟೇ ಅಲ್ಲವೇ? ಕೇಳಿದವರಿಗೆ ಉತ್ತರ ಕೊಡುವುದು ಯಾವ ಅಪರಾಧ?

ಎರಡು, "ಅನ್ನಕ್ಕಾಗಿ ಮತ ಬಿಟ್ಟವರು ಎನ್ನುತ್ತಾರೆ". ಈ ಕರಾವಳಿಯಲ್ಲಿ ಆ ಮಾತಿಗೆ ಹಳೆಯ ಬೇರಿದೆ. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರಿಗೆ ಕುಲದವರ ಆಸರೆಯೂ ಕಸುಬೂ ತಪ್ಪಿದಾಗ ಮಿಶನ್ ನೇಯ್ಗೆಯ ಕಾರ್ಖಾನೆ ತೆರೆಯಿತು, 1865ರಲ್ಲಿ ಹಂಚಿನ ಕಾರ್ಖಾನೆ ಕಟ್ಟಿತು. ಕೂಲಿಯೂ ಧರ್ಮವೂ ಒಂದೇ ಕೈಯಿಂದ ಬಂದರೆ ನೆರೆಯವರು ಸಂಶಯ ಪಡುವುದು ಸಹಜ. ಆದರೆ ಮುಂದಿನ ಕತೆಯನ್ನೂ ಹೇಳಬೇಕಲ್ಲ? ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರ ಆ ಕಾರ್ಖಾನೆಗಳನ್ನು ಮಿಶನಿನ ಕೈಯಿಂದ ತೆಗೆಯಿತು. ಧಣಿ ಬದಲಾದರೂ ಸಭೆ ಕರಗಲಿಲ್ಲ, ಇಂದಿಗೂ ಇದೆ. ಅನ್ನದ ಋಣ ಮಾತ್ರವಾಗಿದ್ದರೆ ಹೀಗಾಗುತ್ತಿತ್ತೇ?

ಮೂರು, "ನಮ್ಮ ಬಾಳೇ ಸಾಕ್ಷಿ, ಮಾತು ಯಾಕೆ?" ಇದು ಎಲ್ಲಕ್ಕಿಂತ ಸುಖದ ಉತ್ತರ. 1975ರಲ್ಲಿ ಆರನೆಯ ಪಾವ್ಲು ಜಗದ್ಗುರುಗಳು ಶುಭಸಂದೇಶ ಸಾರುವುದರ ಬಗ್ಗೆ ಬರೆದ ಪತ್ರದಲ್ಲಿ, ಜನ ಬೋಧಕರಿಗಿಂತ ಸಾಕ್ಷಿಗಳ ಮಾತು ಕೇಳುತ್ತಾರೆಂದರು. ಇದನ್ನು ನಾವೆಲ್ಲ ಉರು ಹೊಡೆದಿದ್ದೇವೆ. ಅದೇ ಪತ್ರದಲ್ಲಿ, ಎಷ್ಟು ಒಳ್ಳೆಯ ಸಾಕ್ಷಿಯಾದರೂ ಮಾತಿನಲ್ಲಿ ಬಿಡಿಸಿ ಹೇಳದಿದ್ದರೆ ಕೊನೆಗೆ ಫಲ ಕೊಡದೆಂದೂ ಇದೆ. ಆ ಭಾಗವನ್ನು ಮಾತ್ರ ನಮ್ಮ ಕಣ್ಣು ಹಾರಿಸಿಬಿಟ್ಟಿತು!

ನಮ್ಮ ಪಕ್ಕದ ಕಣ್ಣೂರಿನ ಬೀಡಿ ಶೆಡ್ಡುಗಳನ್ನು ನೆನೆಯಿರಿ. ಅಲ್ಲಿ ಒಬ್ಬ ಪತ್ರಿಕೆ ಓದುತ್ತಿದ್ದ. ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. 1968ರಲ್ಲಿ ಬೀಡಿ ಕಾನೂನು ಜಾರಿಗೆ ಬಂದಾಗ ಧಣಿಗಳು ಶೆಡ್ಡು ಮುಚ್ಚಿದರು. ಕೆಲಸ ಹೋದವರು 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಂಡರು. ಅಲ್ಲಿನ ಕಮ್ಯೂನಿಸ್ಟ್ ಕಾಮ್ರೇಡನನ್ನು "ನೀನು ಯಾಕೆ ಹೋರಾಡುತ್ತಿ?" ಎಂದು ಕೇಳಿದರೆ ಅವನು "ಏನಿಲ್ಲ" ಎನ್ನುತ್ತಿದ್ದನೇ? ಬೀಡಿ ಕಟ್ಟುತ್ತಲೇ ತನ್ನ ನಂಬಿಕೆಯನ್ನೆಲ್ಲ ಹೇಳಿ ಮುಗಿಸುತ್ತಿದ್ದ. ನಾವೋ, ಕೊಂಕಣಿಯಲ್ಲಿ ಪ್ರಾರ್ಥಿಸುತ್ತೇವೆ, ತುಳುವಿನಲ್ಲಿ ದುಡಿಯುತ್ತೇವೆ. ದೇವರನ್ನು ಮನೆಮಾತಿನೊಳಗೇ ಕೂಡಿ ಹಾಕಿ ಬೀಗ ಜಡಿದಿದ್ದೇವೆ.

ಹಾಗಾದರೆ ನಿಜವಾದ ಕಾರಣ ಏನು? ಮರುಪ್ರಶ್ನೆಯ ಭಯ. "ನಿಮ್ಮ ದೇವರು ಅಷ್ಟು ನ್ಯಾಯವಂತನಾದರೆ, ನಿಮ್ಮ ಸಂಸ್ಥೆಯಲ್ಲಿ ಗುಡಿಸುವವಳಿಗೆ ಸರಕಾರ ಗೊತ್ತು ಮಾಡಿದ ಕೂಲಿ ಉಂಟಾ? ನಿಮ್ಮ ತೋಟದ ಆಳಿಗೆ ಫಂಡ್ ಉಂಟಾ? ಮಗಳಿಗೆ ಸಂಬಂಧ ನೋಡುವಾಗ ನೀವೂ ಜಾತಿ ಕೇಳುತ್ತೀರಂತೆ, ಹೌದಾ?" ನೆರೆಯವರಿಗೆ ನಮ್ಮ ಲೆಕ್ಕವೆಲ್ಲ ಗೊತ್ತು. ಅದಕ್ಕೇ ನಾವು ಬಾಯಿ ಮುಚ್ಚಿ, ಆ ಮೌನಕ್ಕೆ ವಿನಯವೆಂದು ಹೆಸರಿಟ್ಟಿದ್ದೇವೆ. ಅದು ವಿನಯವಲ್ಲ, ನಾಚಿಕೆ.

ನಾಚಿಕೆಗೆ ಮದ್ದು ಮೌನವಲ್ಲ. ತಪ್ಪನ್ನು ಒಪ್ಪಿ, ಆ ಕೂಲಿಯನ್ನು ಸರಿಪಡಿಸಲು ನಮ್ಮ ಧರ್ಮಕೇಂದ್ರದ ಸಭೆಯಲ್ಲೇ ಎದ್ದು ನಿಂತು ಕೇಳುವುದು ಮದ್ದು. ಪೂರ್ತಿ ಶುದ್ಧರಾದ ಮೇಲೆ ಮಾತಾಡುತ್ತೇವೆಂದು ಕುಳಿತರೆ ಎಂದಿಗೂ ಮಾತಾಡಲಾರೆವು. ಅಲ್ಲಗಳೆದ ಪೇತ್ರನೇ ಪೆಂತೆಕೊಸ್ತ್ ದಿನ ಎದ್ದು ನಿಂತು ಮಾತಾಡಿದ. ಅದೇ ಪೇತ್ರನ ಮೊದಲ ಪತ್ರದ 3ನೆಯ ಅಧ್ಯಾಯ, ನಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಸೌಮ್ಯವಾಗಿ, ಗೌರವದಿಂದ ಉತ್ತರ ಕೊಡಲು ಸಿದ್ಧರಿರಿ ಎಂದು ಕಲಿಸುತ್ತದೆ.

ಆದರೆ ಗಡಿ ದಾಟಬಾರದು. ಯಾರದೇ ಅರ್ಜಿ ನಮ್ಮ ಕೈಯಲ್ಲಿರುವಾಗ ಧರ್ಮದ ಮಾತು ಎತ್ತಬಾರದು. ಹಸಿದವನಿಗೆ ಅಕ್ಕಿಯ ಜೊತೆ ಕರಪತ್ರ ಕೊಡುವುದು ಅವನ ಸಂಕಟದ ಮೇಲೆ ವ್ಯಾಪಾರ ಮಾಡಿದಂತೆ. ಕೆಲಸ ಮುಗಿದು, ಹಣ ಅವರ ಕೈ ಸೇರಿ, ನಮ್ಮ ಹಂಗು ಅವರಿಗೆ ಇಲ್ಲದಾದ ಮೇಲೆ ಅವರಾಗಿ ಕೇಳಿದರೆ ನಿಜ ಹೇಳಬೇಕು, ಅವರ ಭಾಷೆಯಲ್ಲೇ ಹೇಳಬೇಕು. ಆಮೇಲೆ ಅವರ ನಂಬಿಕೆಯ ಮಾತನ್ನೂ ಕುಳಿತು ಕೇಳಬೇಕು. ಅವರು ಒಪ್ಪಲಿ, ಬಿಡಲಿ. ಮುಂದಿನ ಅರ್ಜಿಗೂ ನಾವು ಅಷ್ಟೇ ಅಲೆಯಬೇಕು.

ಆ ಅಕ್ಕ ಕೇಳಿದ್ದು ಅಂಥ ಹೊತ್ತಿನಲ್ಲೇ. ಪಾಸು ಪುಸ್ತಕ ಹಿಡಿದು ಇನ್ನೊಬ್ಬರ ಬಾಕಿ ಲೆಕ್ಕ ಹಾಕುವ ನಮ್ಮ ಮೇಲೆಯೇ ಈಗ ಒಂದು ಬಾಕಿ ಉಳಿದಿದೆ. ಬರುವ ಆದಿತ್ಯವಾರ ಪೂಜೆ ಮುಗಿಸಿ ಅವರ ಮನೆಗೆ ಹೋಗುತ್ತೇವೆ, "ಅಕ್ಕಾ, ಅಂದು ನೀವು ಕೇಳಿದ್ದಿರಲ್ಲ" ಎಂದು ಮಾತು ಶುರು ಮಾಡುತ್ತೇವೆ. ಸಂಗಾತಿಗಳೇ, ನೀವು ಯಾರಿಗೆ ಬಾಕಿ ಇಟ್ಟಿದ್ದೀರಿ?