ನಿದ್ದೆಯಲ್ಲೇ ಮನೆ ಬದಲಿಸುವ ಮರ

ನವೆಂಬರ್ ಕಳೆಯುವ ಹೊತ್ತಿಗೆ ಇಂಗ್ಲೆಂಡಿನ ನರ್ಸರಿಗಳಲ್ಲಿ ವಿಚಿತ್ರವೆನಿಸುವ ಒಂದು ವ್ಯಾಪಾರ ಶುರುವಾಗುತ್ತದೆ. ಎಲೆಯೆಲ್ಲ ಉದುರಿ ಬೋಳಾಗಿ ನಿಂತ ಚೆರ್ರಿ, ಕಾಡುಸೇಬು, ಬರ್ಚ್, ರೋವನ್ ಸಸಿಗಳನ್ನು ಹೊಲದಿಂದ ಅಗೆದು, ಬೇರಿನ ಮಣ್ಣನ್ನು ಕೊಡವಿ, ಸೌದೆಯ ಹೊರೆಯಂತೆ ಕಟ್ಟಿ ಮಾರುತ್ತಾರೆ. ಕುಂಡವಿಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದ ಮಣ್ಣೂ ಇಲ್ಲ. ಇದೇ ಬರಿಬೇರಿನ ಸಸಿ. ಮನೆಯ ಮುಂದೆ ಹೂ ಬಿಡುವ ಮರವೊಂದಿರಲಿ ಎಂದು ಆಸೆಪಟ್ಟು ತಂದವರಿಗೆ, ದುಡ್ಡು ಕೊಟ್ಟದ್ದು ಒಣಕಟ್ಟಿಗೆಗೋ ಎಂಬ ಅನುಮಾನ ಬಂದರೆ ತಪ್ಪೇನಿಲ್ಲ. ಅನುಮಾನ ಪರಿಹಾರಕ್ಕೆ ಉಗುರು ಸಾಕು. ರೆಂಬೆಯ ತೊಗಟೆಯನ್ನು ಎಳ್ಳುಕಾಳಿನಷ್ಟು ಕೆರೆದು ನೋಡಬೇಕು. ಒಳಗೆ ಹಸಿರು, ತೇವ ಕಂಡರೆ ಜೀವವಿದೆ.

ಮಣ್ಣಿಲ್ಲದೆ ಮರ ಬದುಕುವುದು ಹೇಗೆ? ಎಲೆಗಳಿರುವ ಗಿಡ ಹಗಲೆಲ್ಲ ಬಾಷ್ಪವಿಸರ್ಜನೆಯಿಂದ ನೀರು ಕಳೆದುಕೊಳ್ಳುತ್ತಿರುತ್ತದೆ. ಬೇರು ಅಷ್ಟೇ ನೀರನ್ನು ಒದಗಿಸದಿದ್ದರೆ ಗಿಡ ಬಾಡುತ್ತದೆ. ಚಳಿಗಾಲದ ಸುಪ್ತಾವಸ್ಥೆಯಲ್ಲಿ ಎಲೆಗಳೇ ಇಲ್ಲವಾದ್ದರಿಂದ ನೀರಿನ ಖರ್ಚು ತೀರಾ ಕಡಿಮೆ. ಬೇಸಿಗೆಯಲ್ಲಿ ಸಂಪಾದಿಸಿದ ಆಹಾರವೂ ಪಿಷ್ಟದ ರೂಪದಲ್ಲಿ ಕಾಂಡ, ಬೇರುಗಳಲ್ಲಿ ದಾಸ್ತಾನಿರುತ್ತದೆ. ಆದ್ದರಿಂದಲೇ ನವೆಂಬರಿನಿಂದ ಮಾರ್ಚ್‌ವರೆಗೆ ಮಾತ್ರ ಈ ವ್ಯಾಪಾರ. ಮೊಗ್ಗು ಒಡೆದ ಮೇಲೆ ಕಿತ್ತರೆ ಕಥೆ ಮುಗಿಯಿತು.

ಮರ ನಿದ್ದೆ ಮಾಡುತ್ತದೆ ಎಂದು ಬೇರನ್ನು ಬಿಸಿಲಿಗೆ ಬಿಡುವಂತಿಲ್ಲ. ಅದೇಕೆಂದು ತಿಳಿಯಬೇಕೆನ್ನುವ ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಒದ್ದೆ ಬಟ್ಟೆಯ ಮೇಲೆ ಸಾಸಿವೆ ಹರಡಿ, ಮೇಲೊಂದು ಬಟ್ಟಲು ಕವುಚಿಡಿ. ಮೂರು ನಾಲ್ಕು ದಿನಗಳಲ್ಲಿ ಮೊಳಕೆಯ ಬೇರಿನ ಸುತ್ತ ಬಿಳಿ ನವಿರು ಕಾಣಿಸುತ್ತದೆ. ಅವೇ ಬೇರುರೋಮಗಳು. ಬಟ್ಟಲು ತೆಗೆದು ಒಂದು ಮೊಳಕೆಯನ್ನು ಬಿಸಿಲಿಗಿಡಿ. ನೋಡುತ್ತಿದ್ದಂತೆಯೇ ನವಿರು ಮುದುರಿಕೊಳ್ಳುತ್ತದೆ. ಅಗೆದ ಮರದ ಬೇರುರೋಮಗಳು ಬಹುಪಾಲು ಹೊಲದಲ್ಲೇ ಉಳಿದುಹೋಗಿರುತ್ತವೆ. ಹೊಸದನ್ನು ಹುಟ್ಟಿಸಬೇಕಾದುದು ಉಳಿದ ಎಳೆಬೇರುಗಳು. ಗಾಳಿ, ಬಿಸಿಲಿಗೆ ಬಿಟ್ಟರೆ ಅವೂ ಸಾಯುತ್ತವೆ, ಅದಕ್ಕೆ ಹೆಚ್ಚು ಹೊತ್ತೇನೂ ಬೇಡ. ಹಾಗಾಗಿ ಗುಂಡಿ ಸಿದ್ಧವಾಗುವವರೆಗೆ ಬೇರು ಒದ್ದೆ ಗೋಣಿಯೊಳಗಿರಬೇಕು. ನೆಡುವ ಮುನ್ನ ಒಂದೆರಡು ಗಂಟೆ ಬಕೆಟ್ ನೀರಿನಲ್ಲಿಡಬಹುದು. ದಿನಗಟ್ಟಲೆ ಇಟ್ಟರೆ ಆಮ್ಲಜನಕವಿಲ್ಲದೆ ಬೇರು ಕೊಳೆಯುತ್ತದೆ. ನೆಲ ಹೆಪ್ಪುಗಟ್ಟಿದ್ದರೆ ಅಥವಾ ಕೆಸರಾಗಿದ್ದರೆ ಅವಸರ ಬೇಡ. ತೋಟದ ಮೂಲೆಯಲ್ಲಿ ಸಣ್ಣ ಕಾಲುವೆ ತೋಡಿ, ಸಸಿಯನ್ನು ಓರೆಯಾಗಿ ಮಲಗಿಸಿ, ಬೇರಿಗೆ ತೇವದ ಮಣ್ಣು ಮುಚ್ಚಿದರೆ ಅದು ಕಾಯುತ್ತದೆ.

ಗುಂಡಿಯ ವಿಷಯದಲ್ಲಿ ಹಿರಿಯರ ಉತ್ಸಾಹವೇ ಮರಕ್ಕೆ ಮುಳುವಾಗುವುದುಂಟು. ಆಳವಾಗಿ ತೋಡಿ, ತಳಕ್ಕೆ ಕೊಟ್ಟಿಗೆ ಗೊಬ್ಬರ ಸುರಿಯುವುದು ಅನೇಕರ ರೂಢಿ. ಗೊಬ್ಬರ ಕೊಳೆತು ಕುಗ್ಗಿದಂತೆ ಮರವೂ ಕೆಳಕ್ಕೆ ಇಳಿಯುತ್ತದೆ. ಬೇರುಗಳು ಗುಂಡಿಯ ಮೆತ್ತನೆಯ ಮಣ್ಣಿನಲ್ಲೇ ಸುತ್ತಾಡಿ, ಹೊರಗಿನ ನೆಲಕ್ಕೆ ಹೋಗಲು ಹಿಂಜರಿಯುವುದೂ ಉಂಟು. ಗುಂಡಿಯ ಆಳ ಬೇರಿನಷ್ಟೇ ಇರಲಿ, ಅಗಲ ಅದರ ಎರಡು ಮೂರರಷ್ಟಿರಲಿ, ತೆಗೆದ ಮಣ್ಣನ್ನೇ ಮರಳಿ ತುಂಬಲಿ. ಬೇರುಗಳನ್ನು ಕೈಬೆರಳಿನಂತೆ ಹರಡಿ ನಿಲ್ಲಿಸಬೇಕು. ಕಾಂಡ ಅಗಲವಾಗಿ ಬೇರಾಗುವ ಜಾಗ ನೆಲಮಟ್ಟದಲ್ಲೇ ಕಾಣಬೇಕು, ಕಸಿಯ ಗಂಟು ಮಣ್ಣಿಗಿಂತ ಮೇಲಿರಬೇಕು. ಆಳದಲ್ಲಿ ಹೂತ ಮರ ತಕ್ಷಣ ಸಾಯುವುದಿಲ್ಲ. ವರ್ಷಗಟ್ಟಲೆ ಸೊರಗಿ ಸಾಯುತ್ತದೆ, ಕಾರಣವೂ ಯಾರಿಗೂ ಹೊಳೆಯುವುದಿಲ್ಲ.

ಬೇರು ಕಡಿಮೆಯಾಗಿದೆ, ಆದ್ದರಿಂದ ತಲೆಯನ್ನೂ ಮೂರರಲ್ಲೊಂದು ಭಾಗ ಕತ್ತರಿಸಿ ಎಂದು ಹಳೆಯ ತೋಟಗಾರಿಕೆ ಪುಸ್ತಕಗಳು ಹೇಳುತ್ತಿದ್ದವು. ಲೆಕ್ಕ ಸರಿಯೆನಿಸುತ್ತದೆ. ಆದರೆ ರೆಂಬೆಯ ತುದಿಯ ಮೊಗ್ಗುಗಳು ಆಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸಿ ಕೆಳಕ್ಕೆ ಕಳಿಸುತ್ತವೆ. ಹೊಸ ಬೇರು ಮೂಡಲು ಅದೇ ಪ್ರಚೋದನೆ. ಹೊಸ ಬೇರಿಗೆ ಊಟ ಒದಗಿಸುವುದೂ ಆ ಮೊಗ್ಗಿನಿಂದ ಬರುವ ಎಲೆಗಳೇ. ಹಾಗಾಗಿ ಮುರಿದ, ಒಂದಕ್ಕೊಂದು ಉಜ್ಜುವ ರೆಂಬೆಗಳನ್ನಷ್ಟೇ ತೆಗೆದರೆ ಸಾಕು.

ಇಲ್ಲೊಂದು ಪ್ರಶ್ನೆ ಏಳಬಹುದು. ಕರ್ನಾಟಕದ ಕಾಡುಗಳಲ್ಲಿ ತೇಗವನ್ನು ‘ಸ್ಟಂಪ್’ ಮಾಡಿ ನೆಡುವ ಪದ್ಧತಿಯಿದೆ. ವರ್ಷದ ಸಸಿಯನ್ನು ಕಿತ್ತು, ಕಾಂಡವನ್ನು ಎರಡು ಮೂರು ಸೆಂಟಿಮೀಟರ್ ಉಳಿಸಿ, ತಾಯಿಬೇರನ್ನು 15-20 ಸೆಂಟಿಮೀಟರಿಗೆ ಕತ್ತರಿಸಿ, ಮಳೆಯ ಆರಂಭದಲ್ಲಿ ನೆಡುತ್ತಾರೆ. ಅದೂ ಬರಿಬೇರೇ, ತಲೆಯೂ ಇಲ್ಲ! ತೇಗದ ತಾಯಿಬೇರು ಗಜ್ಜರಿಯಂತೆ ದಪ್ಪ. ಅದರೊಳಗಿನ ಆಹಾರದ ಬಲದಿಂದ ಬುಡದಲ್ಲೇ ಹೊಸ ಚಿಗುರು ಹುಟ್ಟಿ ನೇರವಾಗಿ ಏಳುತ್ತದೆ. ಕಾಡಿಗೆ ಬೇಕಾದುದೂ ನೆಟ್ಟನೆಯ ದಿಮ್ಮಿಯೇ. ಕಸಿ ಮಾಡಿದ ಚೆರ್ರಿಯನ್ನು ಹೀಗೆ ಬುಡಕ್ಕೆ ಕತ್ತರಿಸಿದರೆ ಬರುವುದು ಕಸಿಯ ಕೆಳಗಿನ ಬೇರುಸಸಿಯ ಚಿಗುರು, ಬಯಸಿದ ಹೂವಲ್ಲ.

ಆಸರೆಯ ಗೂಟವನ್ನು ಕಾಂಡದ ಎತ್ತರದ ಮೂರನೇ ಒಂದರಷ್ಟಕ್ಕೇ ನಿಲ್ಲಿಸಿ, ಸಡಿಲವಾಗಿ ಕಟ್ಟಬೇಕು. ಬುಡ ಅಲುಗಬಾರದು, ತಲೆ ಮಾತ್ರ ತೂಗಾಡುತ್ತಿರಲಿ. ಅಲುಗಾಟ, ಸ್ಪರ್ಶಗಳಿಗೆ ಗಿಡ ಗಿಡ್ಡವಾಗಿ, ದಪ್ಪವಾಗಿ ಬೆಳೆದು ಉತ್ತರಿಸುವುದನ್ನು ಅಮೆರಿಕದ ವಿಜ್ಞಾನಿ ಜಾಫೆ 1973ರಲ್ಲಿ ವಿವರಿಸಿ, ಅದಕ್ಕೆ ಥಿಗ್ಮೊಮಾರ್ಫೊಜೆನೆಸಿಸ್ ಎಂಬ ನಾಲಿಗೆ ತೊಡರುವ ಹೆಸರಿಟ್ಟರು. ವರ್ಷ ಕಳೆದ ಮೇಲೆ ಗೂಟ ಕಿತ್ತುಬಿಡಬಹುದು.

ನಿಜವಾದ ಪರೀಕ್ಷೆ ಏಪ್ರಿಲ್‌ನಲ್ಲಲ್ಲ, ಜೂನ್-ಜುಲೈಯಲ್ಲಿ. ವಸಂತದಲ್ಲಿ ಚಿಗುರು ಬಂದೊಡನೆ ಮನೆಯವರೆಲ್ಲ ಸಂಭ್ರಮಿಸಿ ಮರೆತುಬಿಡುತ್ತಾರೆ. ಆ ಚಿಗುರು ಬಂದದ್ದು ಕಾಂಡದಲ್ಲಿದ್ದ ಹಳೆಯ ದಾಸ್ತಾನಿನಿಂದ; ಹೊಸ ಬೇರು ಇಳಿದಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಎಲೆಗಳು ಪೂರ್ತಿ ಬಿಚ್ಚಿಕೊಂಡು ಬಿಸಿಲೇರಿದಾಗ ನೀರಿನ ಬೇಡಿಕೆ ಹಲವು ಪಟ್ಟಾಗುತ್ತದೆ. ಬೇರು ಹಿಂದುಳಿದಿದ್ದರೆ, ಚೆನ್ನಾಗಿದ್ದ ಮರ ಕೆಲವೇ ದಿನಗಳಲ್ಲಿ ಒಣಗುತ್ತದೆ. ಮಳೆಗೆ ಹೆಸರಾದ ಇಂಗ್ಲೆಂಡಿನಲ್ಲೂ ಹೀಗಾಗುತ್ತದೆ. ಮೊದಲ ಎರಡು ಬೇಸಿಗೆ, ಮಳೆ ಬಾರದ ವಾರಗಳಲ್ಲಿ ಒಮ್ಮೆಗೆ 15ರಿಂದ 20 ಲೀಟರ್ ನೀರನ್ನು ನಿಧಾನವಾಗಿ ಇಂಗಿಸಬೇಕು. ದಿನವೂ ಒಂದೊಂದು ಚೊಂಬು ಚಿಮುಕಿಸಿದರೆ ತೇವ ಮೇಲ್ಮಣ್ಣಿನಲ್ಲೇ ನಿಲ್ಲುತ್ತದೆ. ಬುಡದ ಸುತ್ತ ಹುಲ್ಲು ಕಿತ್ತು, ತರಗೆಲೆ ಹೊದಿಸಿ, ಕಾಂಡದಿಂದ ನಾಲ್ಕು ಬೆರಳು ಜಾಗ ಬಿಡಬೇಕು.

ಮನೆಯಲ್ಲಿ ಶಾಲೆಗೆ ಹೋಗುವ ಮಗುವಿದ್ದರೆ ಈ ನೀರಿನ ಲೆಕ್ಕವನ್ನು ಅದಕ್ಕೇ ಒಪ್ಪಿಸಬಹುದು. ಪ್ರತಿ ಬೇಸಿಗೆಯ ಕೊನೆಗೆ ಒಂದೇ ರೆಂಬೆಯ ಹೊಸ ಬೆಳವಣಿಗೆಯನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಡಲಿ. ಮೊದಲ ವರ್ಷ ಬೆರಳುದ್ದ ಬೆಳೆದರೂ ಗಾಬರಿ ಬೇಡ. ಎರಡನೆಯದೋ ಮೂರನೆಯದೋ ವರ್ಷ ಆ ಅಳತೆ ಒಮ್ಮೆಲೇ ಜಿಗಿದರೆ, ನೆಲದಡಿಯ ಕೆಲಸ ಮುಗಿಯುತ್ತ ಬಂದಿದೆ ಎಂದೇ ಲೆಕ್ಕ.