ಕಿಡಿ ಎಲ್ಲಿ ಹೋಯಿತು?

ಪುಟಾಣಿಗಳೇ, 1962ರಲ್ಲಿ ಬಂದ ಬ್ರಿಟನ್ನಿನ ಸ್ಪೋರ್ಟ್ಸ್ ಕಾರು ಎಂಜಿಬಿ. ಕೀಲಿ ತಿರುಗಿಸಿದರೆ ಎಂಜಿನ್ ಗರಗರ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗದು. ಪಾಪ, ಬ್ಯಾಟರಿಯನ್ನು ಬೈಯಬೇಡಿ, ಅದು ತಿರುಗಿಸುತ್ತಿದೆಯಲ್ಲ! ಪೆಟ್ರೋಲೂ ಬರುತ್ತಿದ್ದರೆ ಕಿಡಿಯನ್ನು ಹುಡುಕಬೇಕು.

ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ಲೋಹದ ಎರಡು ಪುಟ್ಟ ಪಾಯಿಂಟ್‌ಗಳಿರುತ್ತವೆ. ಅವು ಕೂಡಿದಾಗ ಕಾಯಿಲ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಬೇರೆಯಾದ ಕ್ಷಣವೇ 12 ವೋಲ್ಟ್ ಸಾವಿರಾರು ವೋಲ್ಟ್ ಆಗಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪಾಯಿಂಟ್ ಸುಟ್ಟು ಕಪ್ಪಾದರೆ, ಸವೆದು ಸಂದು ಮುಚ್ಚಿದರೆ ಕಿಡಿ ಎಲ್ಲಿಂದ ಬರಬೇಕು? ಪೂರ್ತಿ ತೆರೆದಾಗಲೂ ಆ ಸಂದು ಸುಮಾರು 0.4 ಮಿಲಿಮೀಟರ್ ಅಷ್ಟೇ! ಮೆಕ್ಯಾನಿಕ್ ಮಾಮ ಅಳೆಯುವಾಗ ನೋಡಿ, ಮುಟ್ಟಬೇಡಿ, ಶಾಕ್ ಹೊಡೆದೀತು.

ಅಂದಹಾಗೆ, ನಮ್ಮ ಹಳೇ ಪೆಟ್ರೋಲ್ ಅಂಬಾಸಿಡರ್‌ನದೂ ಎಂಜಿಬಿಯದೂ ಒಂದೇ ‘ಬಿ ಸೀರೀಸ್’ ವಂಶದ ಎಂಜಿನ್.