ಶುಕ್ರವಾರ ಸಂಜೆಯ ಕಟ್ಟುಪಾಡು

‘ಆಚರಣೆ ಬೇಡ, ಅದರ ಹಿಂದಿನ ಮೌಲ್ಯವಷ್ಟೇ ಸಾಕು’ ಎನ್ನುವುದು ಓದಿಕೊಂಡವರ ಮನೆಗಳಲ್ಲಿ ಈಚೆಗೆ ಎಲ್ಲೆಡೆ ಕೇಳುವ ಮಾತು. ವಿಧಿಯ ಹೊಟ್ಟು ತೂರಿ ಮೌಲ್ಯದ ಕಾಳನ್ನಷ್ಟೇ ಉಳಿಸಿಕೊಳ್ಳಲು ಬರುತ್ತದೆಯೇ? ಯಹೂದಿ ಕುಟುಂಬಗಳನ್ನು ನೋಡಿದರೆ, ಅದು ಅಷ್ಟು ಸಲೀಸಲ್ಲ ಎನಿಸುತ್ತದೆ.

ಅವರ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಶುಕ್ರವಾರ ಸಂಜೆ ಶುರು. ಸೂರ್ಯಾಸ್ತಕ್ಕೆ 18 ನಿಮಿಷ ಮೊದಲೇ ಮನೆಯಲ್ಲಿ ದೀಪ ಹಚ್ಚುವುದು ಹಲವೆಡೆಯ ರೂಢಿ. ಜೆರುಸಲೇಮಿನಲ್ಲಿ 40 ನಿಮಿಷ ಮೊದಲು. ಅಲ್ಲಿಂದ ಮರುದಿನ ಕತ್ತಲಾಗಿ ಮೂರು ನಕ್ಷತ್ರ ಮೂಡುವವರೆಗೆ 39 ಬಗೆಯ ಕೆಲಸಗಳು ನಿಷಿದ್ಧ. ಬರೆಯುವಂತಿಲ್ಲ, ಹೊಲಿಯುವಂತಿಲ್ಲ, ಬೆಂಕಿ ಹೊತ್ತಿಸುವಂತಿಲ್ಲ. ಸಂಪ್ರದಾಯಸ್ಥರು ಇದೇ ನಿಷೇಧವನ್ನು ವಿದ್ಯುತ್ ಸ್ವಿಚ್ಚಿಗೂ ಮೊಬೈಲಿಗೂ ಚಾಚಿದ್ದಾರೆ. ಹಾಗಾಗಿ ದೀಪಗಳಿಗೆ ಟೈಮರ್, ಯಾರೂ ಗುಂಡಿ ಒತ್ತದೆ ಮಹಡಿ ಮಹಡಿಗೂ ತಾನೇ ನಿಲ್ಲುವ ಲಿಫ್ಟು. ದೇವರ ಕಣ್ಣಿಗೇ ಮಣ್ಣೆರಚುವ ಜಾಣತನ ಎಂದು ಹೊರಗಿನವರು ನಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಿಯಮವನ್ನು ಕೈಬಿಟ್ಟವನಿಗೆ ಟೈಮರಿನ ಹಂಗೇಕೆ?

ಇಷ್ಟೆಲ್ಲ ಕಟ್ಟುಪಾಡಿನ ಫಲ ಕಾಣುವುದು ಊಟದ ಮೇಜಿನಲ್ಲಿ. ಬಟ್ಟೆ ಹೊದಿಸಿಟ್ಟ ಎರಡು ಜಡೆರೊಟ್ಟಿ, ದ್ರಾಕ್ಷಾರಸದ ಬಟ್ಟಲು, ಫೋನಿಲ್ಲದೆ ಕೂತ ಅಪ್ಪ. ಊಟಕ್ಕೆ ಮೊದಲು ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ: ಗಂಡುಮಕ್ಕಳು ಎಫ್ರಾಯೀಮ್, ಮನಸ್ಸೆಯರಂತಾಗಲಿ, ಹೆಣ್ಣುಮಕ್ಕಳು ಸಾರಾ, ರೆಬೆಕ್ಕ, ರಾಹೇಲ, ಲೇಯಾರಂತಾಗಲಿ ಎಂದು. ವಾರವಿಡೀ ಮುಖ ತಿರುಗಿಸಿಕೊಂಡಿದ್ದ ಹದಿಹರೆಯದ ಮಗನೂ ಆಗ ತಲೆಬಾಗಬೇಕು. ಮಕ್ಕಳಿಗೆ ಸಮಯ ಕೊಡಬೇಕೆಂಬ ಮೌಲ್ಯ ನಮ್ಮೆಲ್ಲರಲ್ಲೂ ಇದೆ. ಅದಕ್ಕೆ ಹೊತ್ತು ಗೊತ್ತುಮಾಡಿಕೊಂಡಿಲ್ಲ, ಅಷ್ಟೆ.

ಇದಕ್ಕೆಲ್ಲ ಗಟ್ಟಿ ದೈವನಂಬಿಕೆ ಬೇಡವೇ? ಅಮೆರಿಕದ ಯಹೂದಿಗಳನ್ನು ಕುರಿತ ಪ್ಯೂ ಸಂಶೋಧನಾ ಕೇಂದ್ರದ 2020ರ ಸಮೀಕ್ಷೆಯಲ್ಲಿ, ಬೈಬಲ್ ವರ್ಣಿಸುವ ದೇವರನ್ನು ನಂಬುತ್ತೇವೆಂದವರು ಶೇ 26. ಪಸ್ಕ ಹಬ್ಬದ ಸೇದರ್ ಊಟಕ್ಕೆ ಕೂತವರು ಮಾತ್ರ ಶೇ 62! ಸೇದರಿನಲ್ಲಿ ಸಾಮಾನ್ಯವಾಗಿ ಮನೆಯ ಕಿರಿಯ ಮಗುವೇ ಪ್ರಶ್ನೆ ಕೇಳಬೇಕು, ಹಿರಿಯರು ಈಜಿಪ್ಟಿನ ದಾಸ್ಯದ ಕಥೆ ಹೇಳಬೇಕು. ಅಂದು ಓದುವ ಹಗ್ಗದಾ ಗ್ರಂಥದಲ್ಲಿ ನಾಲ್ಕು ಬಗೆಯ ಮಕ್ಕಳು ಬರುತ್ತಾರೆ. ಒಬ್ಬ ತಂಟೆಕೋರ, ‘ಇದೆಲ್ಲ ನಿಮಗೇತಕ್ಕೆ’ ಎನ್ನುವವನು. ಅವನಿಗೆ ಖಾರವಾದ ಉತ್ತರ ಸಿಗುತ್ತದೆ, ಆದರೆ ಅವನೂ ಆ ನಾಲ್ವರಲ್ಲಿ ಒಬ್ಬನೇ. ಸಂಶಯಕ್ಕೂ ಒಂದು ಕುರ್ಚಿ ಹಾಕಿಟ್ಟಿರುವ ವಿಧಿಯಿದು.

ಆಚರಣೆಯೇ ಒಂದು ಸಮುದಾಯವನ್ನು ಹಿಡಿದಿಡಬಲ್ಲದು ಎಂಬುದಕ್ಕೆ ನಮ್ಮ ಪಕ್ಕದ ಕೊಂಕಣದ ಯಹೂದಿಗಳಾದ ಬೆನೆ ಇಸ್ರೇಲಿಗಳದು ಇನ್ನೂ ಗಟ್ಟಿ ಸಾಕ್ಷಿ. ಶತಮಾನಗಳ ಕಾಲ ಅವರಿಗೆ ಮಿಕ್ಕ ಯಹೂದಿ ಲೋಕದ ಸಂಪರ್ಕ ಹೆಚ್ಚುಕಡಿಮೆ ಇರಲಿಲ್ಲ. ಹೀಬ್ರೂ ಪಾಂಡಿತ್ಯವೂ ಉಳಿದಿರಲಿಲ್ಲ. ಉಳಿದದ್ದು ಸುನ್ನತಿ, ಕೆಲವು ಆಹಾರನಿಯಮ, ‘ಶೆಮಾ’ ಪ್ರಾರ್ಥನೆ, ಮತ್ತು ಶನಿವಾರ ಗಾಣ ನಿಲ್ಲಿಸುವ ಪದ್ಧತಿ. ಎಣ್ಣೆ ತೆಗೆಯುವ ಕಸುಬಿನ ಅವರನ್ನು ನೆರೆಯವರು ಕರೆಯುತ್ತಿದ್ದುದೇ ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು ಎಂದು. ಅವರ ‘ಮಲೀದಾ’ ವಿಧಿಯಲ್ಲಿ ಸಿಹಿ ಅವಲಕ್ಕಿಗೆ ಕಾಯಿತುರಿ ಬೆರೆಸಿ, ಹಣ್ಣುಗಳನ್ನಿಟ್ಟು ಪ್ರವಾದಿ ಎಲೀಯನನ್ನು ನೆನೆಯುತ್ತಾರೆ. ಯಾವ ಶಾಸ್ತ್ರಗ್ರಂಥವೂ ಹೇಳದ ಈ ಅವಲಕ್ಕಿ, ವಲಸೆ ಹೋದವರ ಜೊತೆ ಇಸ್ರೇಲನ್ನೂ ತಲುಪಿದೆ.

ಆದರೆ ಆ ಶುಕ್ರವಾರದ ಊಟಕ್ಕೆ ಅಡುಗೆ ಮಾಡುವವರು ಯಾರು? ಬೆಂಕಿ ಹೊತ್ತಿಸಬಾರದೆಂದರೆ ಎಲ್ಲವೂ ಶುಕ್ರವಾರವೇ ಬೆಂದಿರಬೇಕು. ಡಿಸೆಂಬರಿನ ನ್ಯೂಯಾರ್ಕಿನಲ್ಲಿ ಸೂರ್ಯ ನಾಲ್ಕೂವರೆಗೇ ಮುಳುಗುತ್ತಾನೆ; ಕಚೇರಿಯಿಂದ ಓಡೋಡಿ ಬಂದ ಹೆಂಗಸು ಒಲೆಯ ಮುಂದೆ ನಿಲ್ಲುತ್ತಾಳೆ. ಆಮೇಲೆ ಮೇಜಿನ ಸುತ್ತ ಗುಣವತಿಯಾದ ಹೆಂಡತಿಯನ್ನು ಹೊಗಳುವ ಹಾಡು! ಅದನ್ನು ಕೇಳುತ್ತ ಆಕೆ ತೂಕಡಿಸಿದರೆ ತಪ್ಪಿಲ್ಲ. ವಿಧಿ ಬದಲಾಗಬಾರದೆಂದೇನೂ ಇಲ್ಲವಲ್ಲ. 1922ರಲ್ಲಿ ನ್ಯೂಯಾರ್ಕಿನ ರಬ್ಬಿ ಮೊರ್ಡೆಕಾಯ್ ಕಪ್ಲಾನ್ ತಮ್ಮ ಮಗಳು ಜೂಡಿತ್‌ಗೆ ಪ್ರಾರ್ಥನಾ ಮಂದಿರದಲ್ಲಿ, ಎಲ್ಲರೆದುರು, ಧರ್ಮದ ಹೊಣೆ ಹೊರುವ ವಯಸ್ಸಿಗೆ ಬಂದುದನ್ನು ಸಾರುವ ಬಾತ್ ಮಿಟ್ಸ್‌ವಾ ಮಾಡಿಸಿದರು. ಗಂಡುಮಕ್ಕಳಿಗಷ್ಟೇ ಇದ್ದ ಗೌರವ ಅದು. ಇಂದು ಎಷ್ಟೋ ಸಭೆಗಳಲ್ಲಿ ಅದು ಮಾಮೂಲು. ಮಂದಿರದಲ್ಲಿ ಆದದ್ದು ಅಡುಗೆಮನೆಯಲ್ಲೂ ಆಗಬೇಕು. ಕೆಲಸ ಹಂಚಿಕೊಳ್ಳದ ಮನೆಯ ಮಗಳು ನಾಳೆ ಶುಕ್ರವಾರದ ಊಟದ ಗೊಡವೆಯೇ ಬೇಡವೆಂದು ಎದ್ದುಹೋದರೆ, ಸಂಪ್ರದಾಯ ಮುರಿದವಳು ಅವಳೆಂದು ನಾನಂತೂ ಹೇಳಲಾರೆ.